ಬರೆಯದೆ ತಿರುಗಿಸಬೇಡ

ನಮ್ಮ ಗಾಡಿಯ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅದನ್ನು ಕಟ್ಟಿದವಳು ನಾನು, ಆದ್ದರಿಂದ ಅದು ಚೆನ್ನಾಗಿದೆ. ಜಂಬ ಅಂದರೆ ಅನ್ನಿ. ಹನ್ನೆರಡು ವರ್ಷದಿಂದ ಕನ್ನಡಕದ ಅಂಗಡಿಯಲ್ಲಿ ಕೂತು ಎಳ್ಳುಕಾಳಿಗಿಂತ ಸಣ್ಣ ಸ್ಕ್ರೂಗಳನ್ನು ತಿರುಗಿಸುತ್ತ ಬಂದವಳಿಗೆ ಅಷ್ಟು ಜಂಬವೂ ಇರದಿದ್ದರೆ ಹೇಗೆ?

ಗಾಡಿ ಅಂದರೆ ರಿಮೋಟಿನಲ್ಲಿ ಓಡುವ ಬಗ್ಗಿ. ನಿಜವಾದ ಕಾರಿನ ಹತ್ತರಲ್ಲಿ ಒಂದು ಪಾಲು ಅಳತೆ, ನಾಲ್ಕು ಚಕ್ರಕ್ಕೂ ಎಳೆತ, ಮಣ್ಣಿನ ಟ್ರ್ಯಾಕಿನಲ್ಲಿ ಹಾರಿ, ಇಳಿದು, ಮತ್ತೆ ಓಡುವಂಥದ್ದು. ನನ್ನ ಗಂಡ ಇದನ್ನು ಆಟಿಕೆ ಎನ್ನುತ್ತಾನೆ. ಅವನು ಹಾಗೆ ಅಂದ ದಿನ ನಾನೂ ಮಾವನೂ ಒಟ್ಟಿಗೆ ಮುಖ ಗಂಟು ಹಾಕಿಕೊಂಡು ಊಟ ಮಾಡುತ್ತೇವೆ. ಆಟಿಕೆಯ ಹೊಟ್ಟೆಯಲ್ಲಿ ಚಕ್ರಗಳಿಗೆ ಎಳೆತ ಹಂಚುವ ಮೂರು ಡಿಫರೆನ್ಷಿಯಲ್ ಇರುತ್ತವೆಯೇ? ಮುಂದಿನದಕ್ಕೊಂದು ಎಣ್ಣೆ, ಹಿಂದಿನದಕ್ಕೊಂದು ಎಣ್ಣೆ, ನಡುವಿನದಕ್ಕೆ ಜೇನಿನಷ್ಟು ದಪ್ಪನೆಯ ಇನ್ನೊಂದು ಎಣ್ಣೆ ಹಾಕುತ್ತಾರೆಯೇ? ಲೆಕ್ಕದ ಮೇಷ್ಟ್ರಾಗಿ ಇಷ್ಟೂ ತಿಳಿಯದಿದ್ದರೆ ಏನು ಮಾಡೋಣ.

ಓಡಿಸುವವರು ಮಾವ. ಮೂವತ್ತಾರು ವರ್ಷ ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕಡೆದವರು. ಟ್ರ್ಯಾಕಿನಲ್ಲಿ ಅವರ ಹೆಸರು ಯಾರಿಗೂ ಬೇಡ, ಎಲ್ಲರಿಗೂ ಅವರು ಟರ್ನರ್. ಮದುವೆಯಾಗಿ ಬಂದ ಮೊದಲ ವಾರವೇ ಅವರು ಹಿಂದಿನ ಕೋಣೆಯಲ್ಲಿ ಗಾಡಿಯ ಒಂದು ಕ್ಲಿಪ್ಪನ್ನು ಹಾಕಲು ಹೋಗಿ ನಾಲ್ಕು ಸಲ ಬೀಳಿಸಿದ್ದನ್ನು ಕಂಡೆ. ಐದನೆಯ ಸಲಕ್ಕೆ ನನ್ನ ಚಿಮಟಿಗೆ ತಂದು ಹಾಕಿಕೊಟ್ಟೆ. ಅವತ್ತಿನಿಂದ ಕೈ ಅವರದು, ಸ್ಪ್ಯಾನರ್ ನನ್ನದು. ಈ ಮನೆಗೆ ಸೊಸೆ ಬಂದದ್ದು ಮಗನಿಗಾಗಿ ಅಲ್ಲ, ಅಪ್ಪನ ಗಾಡಿಗಾಗಿ ಎಂದು ಅತ್ತೆ ಈಗಲೂ ಬಂದವರೆದುರು ಹೇಳಿ ನಗುತ್ತಾರೆ.

ವರ್ಕ್‌ಶಾಪಿನಿಂದ ಮಾವ ಮನೆಗೆ ತಂದದ್ದು ಎರಡೇ: ಅಳತೆ ಹಿಡಿಯುವ ಒಂದು ಹಳೆಯ ವರ್ನಿಯರ್, ಒಂದು ನಿಯಮ. ನಿಯಮ ಏನೆಂದರೆ, ಬರೆಯದೆ ತಿರುಗಿಸಬೇಡ. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರೋ ಒಬ್ಬ ಯಂತ್ರದ ಅಳತೆಯನ್ನು ಕೂದಲೆಳೆಯಷ್ಟು ಬದಲಿಸಿ, ಬರೆದಿಡದೆ ಮನೆಗೆ ಹೋದನಂತೆ. ಮುಂದಿನ ಪಾಳಿಯವರು ಕಡೆದ ಇನ್ನೂರು ತುಂಡುಗಳು ಗುಜರಿಗೆ ಹೋದವಂತೆ. ಆ ಇನ್ನೂರು ತುಂಡುಗಳ ಕತೆಯನ್ನು ನಾನು ಇನ್ನೂರು ಸಲ ಕೇಳಿದ್ದೇನೆ. ಹಾಗಾಗಿ ನಮ್ಮ ಗಾಡಿಗೆ ಒಂದು ಉದ್ದನೆಯ ನೋಟ್‌ಬುಕ್ ಇದೆ. ಮಣ್ಣು ಒಣಗಿತ್ತೇ ಹಸಿಯಿತ್ತೇ, ಯಾವ ಟಯರ್, ಯಾವ ಸ್ಪ್ರಿಂಗ್, ಗಾಡಿಯ ಹೊಟ್ಟೆ ನೆಲದಿಂದ ಎಷ್ಟು ಮಿಲಿಮೀಟರ್ ಮೇಲೆ, ಎಲ್ಲ ಅದರಲ್ಲಿ ಇರಬೇಕು. ಒಂದು ಸ್ಕ್ರೂ ಕಾಲು ಸುತ್ತು ತಿರುಗಿದರೂ ಚಕ್ರ ನೆಲ ಮುಟ್ಟುವ ಮೊದಲು ಪುಸ್ತಕಕ್ಕೆ ತಿಳಿಯಬೇಕು. ಹೆಚ್ಚಾಗಿ ನಾನೇ ಬರೆಯುತ್ತೇನೆ, ಮಾವ ಪೆನ್ಸಿಲ್ ಹಿಡಿದು ತಿದ್ದುತ್ತಾರೆ.

ಎಂಟು ವರ್ಷದಲ್ಲಿ ನಾನು ಆ ನಿಯಮ ಮುರಿದದ್ದು ಒಂದೇ ವಿಷಯದಲ್ಲಿ. ಅದನ್ನೇ ಈಗ ಹೇಳಹೊರಟಿರುವುದು.

ಕಳೆದ ವರ್ಷ ಮಾವನ ಬಲಗೈ ನಡುಗಲು ಶುರುವಾಯಿತು. ಮೊದಲು ಹೆಬ್ಬೆರಳು, ಆಮೇಲೆ ಇಡೀ ಅಂಗೈ. ಬೆಳಿಗ್ಗೆ ಅವರು ಪೇಪರ್ ಓದುತ್ತಿದ್ದರೆ ಅಡುಗೆಮನೆಯವರೆಗೂ ಅದರ ಸರಸರ ಕೇಳುತ್ತಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಇದು ಪೂರ್ತಿ ಹೋಗುವಂಥದ್ದಲ್ಲ, ಹಾಗಂತ ಹೆದರಿ ಮೂಲೆ ಹಿಡಿಯುವಂಥದ್ದೂ ಅಲ್ಲ, ಕೈಗೆ ಕೆಲಸ ಕೊಡುತ್ತಿರಿ ಎಂದರು. ಮಾವ ತಲೆಯಾಡಿಸಿ ಬಂದರು. ಅದರ ಬಗ್ಗೆ ಮನೆಯಲ್ಲಿ ಒಂದು ಮಾತೂ ಆಡಲಿಲ್ಲ. ವಾರದ ಏಳು ದಿನಕ್ಕೆ ಏಳು ಗೂಡಿರುವ ಒಂದು ಮಾತ್ರೆ ಡಬ್ಬಿ ಮಾತ್ರ ಅವರ ಅಂಗಿಯ ಜೇಬಿಗೆ ಬಂದು ಸೇರಿತು.

ಆಡಿದ್ದು ಈ ವರ್ಷದ ಮೊದಲ ರೇಸಿನ ಹಿಂದಿನ ದಿನ. ಊಟದ ತಟ್ಟೆಯ ಮುಂದೆ ಕೂತು, ಉಪ್ಪು ಕೇಳುವಷ್ಟೇ ಸಲೀಸಾಗಿ ಹೇಳಿದರು. “ಹನ್ನೊಂದು ವರ್ಷದಲ್ಲಿ ಒಂದು ಸಲನೂ ಫೈನಲ್ ತಪ್ಪಿಸಿಕೊಂಡಿಲ್ಲ. ಈ ವರ್ಷದ ಕೊನೇ ರೇಸಲ್ಲಿ ಫೈನಲ್‌ಗೆ ಬರಲಿಲ್ಲ ಅಂದ್ರೆ ರಿಮೋಟ್ ನಿಂದಮ್ಮ. ನಾನು ಟ್ರ್ಯಾಕ್ ಪಕ್ಕ ನಿಂತು ಬಿದ್ದ ಗಾಡಿ ಎತ್ತಿಕೊಡ್ತೀನಿ.”

ನಾನು ನಕ್ಕುಬಿಟ್ಟೆ. ನಾನು ಓಡಿಸಿದರೆ ಗಾಡಿ ಹಗ್ಗ ಬಿಚ್ಚಿದ ಕರುವಿನಂತೆ ಓಡುತ್ತದೆ, ಅದು ಅವರಿಗೂ ಗೊತ್ತು. ಆದರೆ ಅವರು ನಗಲಿಲ್ಲ. ಮಾತು ಕೊಟ್ಟರೆ ಮುಗಿಯಿತು ಎನ್ನುವ ಜಾತಿಯ ಮನುಷ್ಯ ಅವರು. ಅತ್ತೆ ನನ್ನ ಮುಖ ನೋಡಿದರು, ನಾನು ತಟ್ಟೆ ನೋಡಿದೆ.

ನನಗೆ ನಿಜಕ್ಕೂ ಭಯವಾಯಿತು. ಟ್ರ್ಯಾಕಿನಲ್ಲಿ ಓಡಿಸುವವರ ಸ್ಟ್ಯಾಂಡಿನ ಮೇಲೆ ರಿಮೋಟ್ ಹಿಡಿದು ನಿಂತಾಗ ಮಾತ್ರ ಅವರು ಕೈಯ ವಿಷಯ ಮರೆಯುತ್ತಿದ್ದರು. ಅದೂ ಹೋದರೆ ಅವರಿಗೆ ಉಳಿಯುವುದು ಒಂದು ಕುರ್ಚಿ, ಒಂದು ಪೇಪರ್, ಅದರ ಸರಸರ ಸದ್ದು.

ವರ್ಷವೆಲ್ಲ ಹೇಗೋ ಫೈನಲ್ ಮುಟ್ಟುತ್ತ ಬಂದೆವು. ಒಮ್ಮೆ ಏಳನೆಯ ಜಾಗ, ಒಮ್ಮೆ ಒಂಬತ್ತನೆಯದು. ಕೊನೆಯ ರೇಸಿಗೆ ಆರು ವಾರ ಇದ್ದಾಗ ಅಭ್ಯಾಸದಲ್ಲಿ ನೋಡಿದೆ: ನೆಟ್ಟಗಿನ ದಾರಿಯಲ್ಲಿ ನಮ್ಮ ಗಾಡಿ ಮೂಗು ಅಲ್ಲಾಡಿಸುತ್ತಿತ್ತು. ಕೈಯ ನಡುಕ ರಿಮೋಟಿನ ಚಕ್ರಕ್ಕೆ, ಅಲ್ಲಿಂದ ಗಾಡಿಯ ಚಕ್ರಕ್ಕೆ. ನಮ್ಮ ರಿಮೋಟಿನಲ್ಲಿ ಡೆಡ್‌ಬ್ಯಾಂಡ್ ಎಂಬ ಒಂದು ಅಂಕೆ ಇದೆ. ಅದನ್ನು ಏರಿಸಿದರೆ, ರಿಮೋಟಿನ ಚಕ್ರ ನಡುವಿನಲ್ಲಿ ಸ್ವಲ್ಪ ಅತ್ತಿತ್ತ ಅಲುಗಿದರೂ ಗಾಡಿ ಕೇಳಿಸಿಕೊಳ್ಳುವುದಿಲ್ಲ. ಒಂದು ರೀತಿಯಲ್ಲಿ ಗಾಡಿಯನ್ನು ಸ್ವಲ್ಪ ಕಿವುಡು ಮಾಡುವುದು. ಮಾವ ಸ್ನಾನಕ್ಕೆ ಹೋದಾಗ ಅದನ್ನು ಸೊನ್ನೆಯಿಂದ ನಾಲ್ಕಕ್ಕೆ ಏರಿಸಿದೆ.

ಗಾಡಿ ನೆಟ್ಟಗೆ ಓಡಿತು. ಇವತ್ತು ಗಾಡಿ ಸಾಧುವಾಗಿದೆಯಲ್ಲ ಎಂದು ಮಾವ ಕೇಳಿದರು. ಹೊಸ ಸ್ಪ್ರಿಂಗಿನ ಗುಣ ಎಂದೆ. ಎರಡು ವಾರಕ್ಕೆ ನಾಲ್ಕು ಆರಾಯಿತು, ಇನ್ನೆರಡು ವಾರಕ್ಕೆ ಆರು ಎಂಟಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾನು ಹೂಡಿದ ಉಪಾಯ. ಪುಸ್ತಕದಲ್ಲಿ ಬರೆಯಲಿಲ್ಲ. ಬರೆದರೆ ಓದುತ್ತಾರೆ. ಓದಿದರೆ, ನಿಮ್ಮ ಕೈಯನ್ನು ನಂಬಲಾರೆ ಎಂದು ನಾನು ಅಕ್ಷರದಲ್ಲಿ ಬರೆದುಕೊಟ್ಟ ಹಾಗೆ.

ಕೊನೆಯ ರೇಸಿನ ಹಿಂದಿನ ಸಂಜೆ ಹಿಂದಿನ ಕೋಣೆಯಲ್ಲಿ ಗಾಡಿಯನ್ನು ಪೂರ್ತಿ ಬಿಚ್ಚಿ ಕಟ್ಟಿದೆವು. ಹಳೆಯ ಬಾಗಿಲನ್ನು ಮಲಗಿಸಿ ಮಾಡಿದ ಮೇಜು, ಮೇಲೆ ಬಿಳಿ ಟವೆಲ್ಲು, ಯಾಕೆಂದರೆ ಬಿಳಿಯ ಮೇಲೆ ಬಿದ್ದ ಸ್ಕ್ರೂ ತಪ್ಪಿಸಿಕೊಳ್ಳಲಾರದು. ಶಾಕ್ ಅಬ್ಸಾರ್ಬರ್‌ಗಳ ಎಣ್ಣೆ ಬದಲಿಸಿ ಗುಳ್ಳೆಗಳು ಮೇಲೆದ್ದು ಹೋಗುವ ತನಕ ಕಾದೆ. ಮುಂದಿನ ಡಿಫರೆನ್ಷಿಯಲ್ಲಿಗೆ ಒಂದು ಚುಕ್ಕೆ ನೇಲ್‌ಪಾಲಿಶ್, ಹಿಂದಿನದಕ್ಕೆ ಎರಡು, ಎರಡೂ ಅವಳಿಜವಳಿಯಂತೆ ಇರುವುದರಿಂದ. ಮಾವ ಒಂದೊಂದೇ ಚಕ್ರವನ್ನು ಬೆರಳಿನಿಂದ ತಿರುಗಿಸಿ, ಕಿವಿಯ ಹತ್ತಿರ ಹಿಡಿದು, ಬೇರಿಂಗಿನ ಸದ್ದು ಕೇಳಿದರು. ಒಂದನ್ನು ನನ್ನ ಮುಂದೆ ಇಟ್ಟು, ಇದಕ್ಕೆ ಗಂಟಲು ಕಟ್ಟಿದೆ ಎಂದರು. ಬಿಚ್ಚಿ ನೋಡಿದರೆ ನಿಜವಾಗಿಯೂ ಒಂದು ಮರಳಿನ ಕಣ. ಇಂಥ ಕಿವಿಯ ಮನುಷ್ಯನಿಂದ ನಾನು ಒಂದು ಅಂಕೆಯನ್ನು ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದೆ ನೋಡಿ, ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ಟ್ರ್ಯಾಕ್ ಇರುವುದು ಹಳೆಯ ಗೋದಾಮಿನ ಹಿಂದಿನ ಬಯಲಿನಲ್ಲಿ. ಕೆಂಪು ಮಣ್ಣು ಬಡಿದು ಮಾಡಿದ ತಿರುವುಗಳು, ಒಂದು ಜೋಡಿ ದಿಬ್ಬ, ಆಮೇಲೆ ಉದ್ದನೆಯ ನೇರ ದಾರಿ. ಒಂದು ಬದಿಗೆ ಕಬ್ಬಿಣದ ಪೈಪಿನಿಂದ ಕಟ್ಟಿದ ಆಳೆತ್ತರದ ಅಟ್ಟ, ಅದೇ ಓಡಿಸುವವರ ಸ್ಟ್ಯಾಂಡ್. ತಗಡಿನ ನೆರಳಿನಲ್ಲಿ ಎಲ್ಲರ ಮೇಜುಗಳು. ಅವತ್ತು ಬಂದವರು ಇಪ್ಪತ್ತೇಳು ಜನ. ಐದೈದು ನಿಮಿಷದ ಮೂರು ಅರ್ಹತಾ ಓಟ, ಅವುಗಳಲ್ಲಿ ಒಳ್ಳೆಯದೊಂದು ಲೆಕ್ಕಕ್ಕೆ. ಮೊದಲ ಒಂಬತ್ತು ಗಾಡಿ ನೇರವಾಗಿ ಫೈನಲ್‌ಗೆ. ಅವರ ಹಿಂದಿನ ಹತ್ತು ಗಾಡಿಗಳಿಗೆ ಬಿ ಫೈನಲ್, ಅದನ್ನು ಗೆದ್ದ ಒಬ್ಬರಿಗೆ ಮಾತ್ರ ದೊಡ್ಡ ಫೈನಲ್ಲಿನ ಹತ್ತನೆಯ ಜಾಗ.

ಬೆಳಿಗ್ಗೆ ಮಣ್ಣಿಗೆ ನೀರು ಹಾಕಿದ್ದರಿಂದ ಹಿಡಿತ ಚೆನ್ನಾಗಿತ್ತು. ಮೊದಲ ಓಟದಲ್ಲಿ ಹದಿಮೂರನೆಯವರಾದೆವು. ಎರಡನೆಯದರಲ್ಲಿ ಗಾಡಿ ದಿಬ್ಬದ ಮೇಲೆ ಮಗುಚಿ ಹದಿನೆಂಟಕ್ಕೆ ಇಳಿದೆವು. ಗಂಡ ಕೊಡೆ ಹಿಡಿದು ಬಂದಿದ್ದ, ಕ್ಲಾಸಿನ ಮೇಷ್ಟ್ರಂತೆ ಅಂಕ ಎಣಿಸುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ ನಾನು ಟಯರ್ ಬದಲಿಸಿದೆ, ಹಿಂದಿನ ಸ್ಪ್ರಿಂಗ್ ಬದಲಿಸಿದೆ, ಗಾಡಿಯ ಹೊಟ್ಟೆಯನ್ನು ಒಂದು ಮಿಲಿಮೀಟರ್ ಇಳಿಸಿದೆ. ಎಲ್ಲವನ್ನೂ ಪುಸ್ತಕದಲ್ಲಿ ಚೊಕ್ಕವಾಗಿ ಬರೆದೆ.

ಮೂರನೆಯ ಓಟಕ್ಕೆ ಮಾವನ ಹಿಂದೆ ಸ್ಟ್ಯಾಂಡಿನ ಮೇಲೆ ಹತ್ತಿದೆ. ಒಬ್ಬರು ಸಹಾಯಕರು ಹತ್ತಬಹುದು, ಹಿಂದೆ ಯಾರು ಬರುತ್ತಿದ್ದಾರೆ ಎಂದು ಹೇಳಲು. ಅಲ್ಲಿಯ ತನಕ ನಾನು ಯಾವಾಗಲೂ ಗಾಡಿಯನ್ನೇ ನೋಡುತ್ತಿದ್ದೆ, ಕಟ್ಟಿದವಳಲ್ಲವೇ. ಅವತ್ತು ಯಾಕೋ ಮಾವನ ಕೈ ನೋಡಿದೆ.

ಗಾಡಿ ಜೋಡಿ ದಿಬ್ಬ ಹಾರಿ ಇಳಿಯಿತು, ಹಿಂಬದಿ ಎಡಕ್ಕೆ ಜಾರಿತು. ಜಾರುವ ಮೊದಲೇ ಮಾವನ ಕೈ ಅದನ್ನು ಹಿಡಿದಿತ್ತು. ನಾನು ಕಣ್ಣಾರೆ ಕಂಡೆ, ರಿಮೋಟಿನ ಚಕ್ರ ಎಷ್ಟು ಬೇಕೋ ಅಷ್ಟೇ ತಿರುಗಿತ್ತು. ಗಾಡಿ ಮಾತ್ರ ಕೇಳಿಸಿಕೊಳ್ಳಲಿಲ್ಲ. ಮಾವ ಇನ್ನಷ್ಟು ತಿರುಗಿಸಿದರು, ಆಗ ಅದು ಒಮ್ಮೆಲೇ ಎಚ್ಚೆತ್ತು ಅಡ್ಡ ನಿಂತಿತು. ಮುಂದಿನ ಸುತ್ತಿನಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಸುತ್ತಿಗೆ ಅರ್ಧ ಸೆಕೆಂಡ್ ಹೋಗುತ್ತಿತ್ತು. ಅವರ ಕೈಯ ನಡುಕದಿಂದ ಅಲ್ಲ, ನಾನು ಹಾಕಿದ ಎಂಟರಿಂದ.

ಹನ್ನೆರಡನೆಯವರಾಗಿ ಕೆಳಗಿಳಿದೆವು. ನೇರವಾಗಿ ಫೈನಲ್‌ಗೆ ಹೋಗುವ ದಾರಿ ಮುಚ್ಚಿತ್ತು. ಉಳಿದದ್ದು ಬಿ ಫೈನಲ್, ಅದೂ ಗೆದ್ದರೆ ಮಾತ್ರ.

ಪಕ್ಕದ ಮೇಜಿನಲ್ಲಿ ಕೊರಿಯರ್ ಇದ್ದ. ಹಗಲೆಲ್ಲ ಬೈಕಿನಲ್ಲಿ ಪಾರ್ಸೆಲ್ ಹಂಚುವವನು, ಭಾನುವಾರ ನಮ್ಮೆಲ್ಲರನ್ನೂ ಹಿಂದೆ ಹಾಕುವವನು, ಅವತ್ತು ನಾಲ್ಕನೆಯ ಜಾಗದಲ್ಲಿದ್ದವನು. ಟರ್ನರ್ ಸರ್ ಗಾಡಿ ಯಾಕೋ ಮಂಕಾಗಿದೆ ಅಲ್ವಾ ಅಕ್ಕ, ಎಂದು ಪಾಪ ಕಾಳಜಿಯಿಂದಲೇ ಕೇಳಿದ. ನಿನ್ನ ಗಾಡಿ ನೀನು ನೋಡ್ಕೋ ಎಂದು ಹಾರಿಬಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ಬೆಪ್ಪಾಗಿ ತನ್ನ ಟಯರ್ ಒರೆಸತೊಡಗಿದ.

ಮಾವ ಬಟ್ಟೆಯಿಂದ ರಿಮೋಟನ್ನು ನಿಧಾನವಾಗಿ ಒರೆಸಿದರು, ಹಿಡಿ, ಚಕ್ರ, ಪರದೆ, ಎಲ್ಲ. ಇನ್ನೊಬ್ಬರಿಗೆ ಕೊಡುವ ಮುಂಚೆ ವಸ್ತುವನ್ನು ಒರೆಸುತ್ತಾರಲ್ಲ, ಹಾಗೆ. “ಬಿ ಫೈನಲ್ ಓಡಿಸ್ತೀನಿ. ಅದಾದ ಮೇಲೆ ಇದು ನಿಂದು” ಎಂದರು.

ಸುಮ್ಮನಿದ್ದುಬಿಡಬಹುದಿತ್ತು. ಯಾರಿಗೂ ತಿಳಿಯದಂತೆ ಅಂಕೆಯನ್ನು ಸೊನ್ನೆಗೆ ಇಳಿಸಿ, ಸ್ಪ್ರಿಂಗಿನ ಗುಣ ಎಂದು ಇನ್ನೊಮ್ಮೆ ಹೇಳಬಹುದಿತ್ತು. ಸತ್ಯ ಹೇಳಬೇಕೆಂದರೆ ಬೆರಳು ಗುಂಡಿಯ ಹತ್ತಿರ ಹೋಗಿಯೂ ಇತ್ತು. ಆದರೆ ಗುಟ್ಟಾಗಿ ಏರಿಸಿದ್ದನ್ನು ಗುಟ್ಟಾಗಿ ಇಳಿಸಿದರೆ ತಪ್ಪು ಎರಡಾಗುತ್ತದೆಯೇ ಹೊರತು ಕಳೆಯುವುದಿಲ್ಲ. ಉಪ್ಪು ತಿಂದವಳು ನೀರು ಕುಡಿಯಲೇಬೇಕು.

“ಮಾವ, ಬರೆಯದೆ ತಿರುಗಿಸಿದ್ದೀನಿ” ಎಂದೆ.

ಅವರ ಕೈಯಲ್ಲಿದ್ದ ಬಟ್ಟೆ ನಿಂತಿತು. ನಾನು ಒಂದೇ ಉಸಿರಿಗೆ ಹೇಳಿದೆ, ನಾಲ್ಕು, ಆರು, ಎಂಟು, ಮೂರೂ ತಾರೀಖು ಸಮೇತ. ಕೊನೆಗೆ, ನಿಮ್ಮ ಕೈ ಸರಿಯಾಗಿಯೇ ಹಿಡಿಯುತ್ತಿದೆ, ತಡೆಯುತ್ತಿರುವುದು ನಾನು, ಸ್ಟ್ಯಾಂಡಿನ ಮೇಲೆ ನಿಂತು ನೋಡಿದೆ ಎಂದೂ ಹೇಳಿದೆ. ಅತ್ತರೆ ಅವರಿಗೆ ಆಗುವುದಿಲ್ಲ, ಅದಕ್ಕೆ ಅಳಲಿಲ್ಲ.

ಬೈಯುತ್ತಾರೆ ಎಂದುಕೊಂಡಿದ್ದೆ. ಇನ್ನೂರು ತುಂಡುಗಳ ಕತೆ ಬರುತ್ತದೆ ಎಂದುಕೊಂಡಿದ್ದೆ. ಮಾವ ಎಲೆ ಅಡಿಕೆ ಹಾಕಿಕೊಂಡವರಂತೆ ಬಾಯಿ ಸ್ವಲ್ಪ ಓರೆ ಮಾಡಿದರು. ಅದು ಅವರ ನಗು. “ಬಿ ಫೈನಲ್‌ಗೆ ಎಷ್ಟು ಹೊತ್ತಿದೆ?” ಎಂದು ಕೇಳಿದರು.

“ನಲವತ್ತು ನಿಮಿಷ.”

“ಸಾಕು.”

ಮೇಜಿನ ಮೇಲೆ ಸಣ್ಣ ತಟ್ಟೆಯಲ್ಲಿ ಖಾಲಿ ಲೋಟ ಇತ್ತು. ತಟ್ಟೆ ಸಮೇತ ಬಲಗೈಯಲ್ಲಿ ಎತ್ತಿ ತೋರಿಸಿದರು. ಲೋಟ ತಟ್ಟೆಗೆ ಬಡಿದು ಗಿಲಿಗಿಲಿ ಎಂದಿತು. ಅದನ್ನು ಇಳಿಸಿ, ಅದೇ ಕೈಯಲ್ಲಿ ನಮ್ಮ ಭಾರದ ಟೂಲ್ ಪೆಟ್ಟಿಗೆಯನ್ನು ಎತ್ತಿ ಹಿಡಿದರು. ಕೈ ಕಲ್ಲಿನಂತೆ ನಿಂತಿತ್ತು.

“ಲೇತ್ ಮೇಲೆ ಟೂಲ್ ನಡುಗಿದ್ರೆ ಅದನ್ನ ಮುಚ್ಚಿಡಲ್ಲಮ್ಮ, ಫೀಡ್ ಸ್ವಲ್ಪ ಜಾಸ್ತಿ ಕೊಡ್ತೀವಿ. ಲೋಹಕ್ಕೆ ಒತ್ತಿ ನಿಂತ್ರೆ ನಡುಕ ನಿಲ್ಲುತ್ತೆ. ಸುಮ್ನೆ ಸವರಿಕೊಂಡು ಹೋದ್ರೇ ಅದಕ್ಕೆ ನಡುಕ. ನನ್ನ ಕೈನೂ ಅಷ್ಟೇ, ಕೆಲಸ ಕಮ್ಮಿ ಆದಾಗಲೇ ನಡುಗೋದು” ಎಂದರು.

ಜೇಬಿನಿಂದ ಮಾತ್ರೆ ಡಬ್ಬಿ ತೆಗೆದರು. ಭಾನುವಾರದ ಗೂಡು ತೆರೆದು ಅಂಗೈಗೆ ಸುರಿದುಕೊಂಡರು. ಬಿದ್ದದ್ದು ಮಾತ್ರೆಯಲ್ಲ, ಉಗುರಿನ ಗಾತ್ರದ ಒಂದು ಉಕ್ಕಿನ ಸ್ಪ್ರಿಂಗ್, ಹೊಳೆಯುತ್ತಿತ್ತು. ರಿಮೋಟಿನ ಚಕ್ರವನ್ನು ನಡುವಿಗೆ ಎಳೆದು ನಿಲ್ಲಿಸುವ ಸ್ಪ್ರಿಂಗಿನ ಜಾಗಕ್ಕೆ ಕೂರುವಂಥದ್ದು, ಕಂಪನಿಯದಕ್ಕಿಂತ ಎರಡು ಪಾಲು ಬಿಗಿ. ಕೈಗೆ ಒತ್ತಲು ಏನಾದರೂ ಇರಲಿ ಎಂದು. ಎಲ್ಲಿಯದು ಎಂದು ಕೇಳಿದರೆ, ಹಳೇ ವರ್ಕ್‌ಶಾಪಿಗೆ ಹೋದಾಗ ತಂತಿ ಸುತ್ತಿ ಮಾಡಿದ್ದು ಎಂದಷ್ಟೇ ಅಂದರು. ಯಾವಾಗ, ಯಾಕೆ, ಇಷ್ಟು ದಿನ ಯಾಕೆ ಹಾಕಲಿಲ್ಲ, ಎಂದು ಕೇಳಲು ಸಮಯವಿರಲಿಲ್ಲ.

ಆ ನಲವತ್ತು ನಿಮಿಷದ ಬಗ್ಗೆ ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ರಿಮೋಟಿನ ಹೊಟ್ಟೆಯನ್ನು ರೇಸಿನ ನಡುವೆ ತೆರೆಯುವ ಹುಚ್ಚು ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ. ಅದರೊಳಗೆ ಕೂದಲಿನಂಥ ವೈರುಗಳು, ಒಂದು ಕಿತ್ತರೂ ಕತೆ ಮುಗಿಯಿತು. ನಾನು ಅಂಗಡಿಯ ಸ್ಕ್ರೂ ಡ್ರೈವರ್ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತೆ. ಗಂಡ ನನ್ನ ತಲೆಯ ಮೇಲೆ ಕೊಡೆ ಹಿಡಿದು ನಿಂತ, ಬೆವರು ಒಳಗೆ ಬೀಳದಿರಲಿ ಎಂದು. ಆಟಿಕೆ ಎಂಬ ಮಾತು ಅವತ್ತು ಅವನ ಬಾಯಿಂದ ಬರಲಿಲ್ಲ. ಆರು ಸ್ಕ್ರೂ ಬಿಚ್ಚಿ, ಹಳೆಯ ಸ್ಪ್ರಿಂಗ್ ತೆಗೆದು, ಹೊಸದರ ಕೊಕ್ಕೆಯನ್ನು ಚಿಮಟಿಗೆಯಿಂದ ಎಳೆದು ಕೂರಿಸಿದೆ. ಎರಡು ಸಲ ಜಾರಿತು, ಮೂರನೆಯ ಸಲ ಕೂತಿತು. ಮುಚ್ಚಳ ಹಾಕಿದಾಗ ಇನ್ನೂ ಒಂಬತ್ತು ನಿಮಿಷ ಉಳಿದಿತ್ತು.

ಡೆಡ್‌ಬ್ಯಾಂಡ್ ಸೊನ್ನೆ ಮಾಡಲು ನಾನು ಗುಂಡಿಗೆ ಕೈ ಹಾಕಿದಾಗ ಮಾವ ತಡೆದರು. ಮೊದಲು ಬರಿ ಎಂದರು. ಬರೆದೆ, ಆಮೇಲೆ ಒತ್ತಿದೆ.

ಬಿ ಫೈನಲ್ಲಿನಲ್ಲಿ ನಾವು ಮೂರನೆಯ ಜಾಗದಿಂದ ಹೊರಡಬೇಕು. ಎಲ್ಲರಿಗಿಂತ ಮುಂದೆ ಇದ್ದವರು ಹಲ್ಲಿನ ಡಾಕ್ಟ್ರು, ಶಾಂತವಾಗಿ ಮಾತಾಡಿ ಕ್ರೂರವಾಗಿ ಓಡಿಸುವ ಹೆಂಗಸು. ನಾನು ಮಾವನ ಬೆನ್ನ ಹಿಂದೆ ನಿಂತೆ. ಮೈಕಿನವರು ಹೊರಡಿ ಎಂದರು.

ಮೊದಲ ತಿರುವಿನಲ್ಲೇ ಗೊತ್ತಾಯಿತು. ಗಾಡಿಗೆ ಕಿವಿ ಬಂದಿತ್ತು. ಮಾವನ ಮುಂಗೈಯ ನರಗಳು ಎದ್ದು ಕಾಣುತ್ತಿದ್ದವು, ಬಿಗಿ ಸ್ಪ್ರಿಂಗಿನ ವಿರುದ್ಧ ಕೈ ದುಡಿಯುತ್ತಿತ್ತು, ದುಡಿಯುತ್ತಿದ್ದುದರಿಂದ ನಡುಗುತ್ತಿರಲಿಲ್ಲ. ಜೋಡಿ ದಿಬ್ಬ ಹಾರಿ ಇಳಿದಾಗ ಹಿಂಬದಿ ಜಾರಲು ನೋಡಿತು, ಅಷ್ಟರಲ್ಲೇ ನೆಟ್ಟಗಾಯಿತು. ಎರಡನೆಯ ಸುತ್ತಿನಲ್ಲಿ ಎರಡನೆಯ ಜಾಗಕ್ಕೆ ಬಂದೆವು. ಆಮೇಲೆ ಏಳು ಸುತ್ತು ಡಾಕ್ಟ್ರ ಗಾಡಿಯ ಬಾಲ ಹಿಡಿದು ಓಡಿದೆವು. ಅವರು ದಾರಿ ಬಿಡಲಿಲ್ಲ, ಮಾವ ಗುದ್ದಲಿಲ್ಲ. ಗುದ್ದಿ ಮುಂದೆ ಹೋಗುವುದು ಅವರಿಗೆ ಎಂಜಲು ಊಟ ಇದ್ದ ಹಾಗೆ.

ನಾನು ಹಿಂದಿನ ಗಾಡಿ ಎಷ್ಟು ದೂರ ಎಂದು ಹೇಳುತ್ತಿದ್ದೆ. ಕೊನೆಯ ಸುತ್ತು ಎಂದು ಮೈಕಿನವರು ಕೂಗಿದರು. ಮಣ್ಣು ಒಣಗಿ ಪುಡಿಯಾಗಿತ್ತು, ಒಳಗಿನ ಸಾಲು ಎಲ್ಲರ ಟಯರಿನಿಂದ ಜಾರುಬಂಡೆಯಾಗಿತ್ತು. ಉದ್ದ ದಾರಿಯ ಕೊನೆಯ ತಿರುವಿನಲ್ಲಿ ಡಾಕ್ಟ್ರು ಒಳಗಿನಿಂದ ಬಂದು ಒಂದು ಗೇಣು ಜಾರಿದರು. ಮಾವ ಹೊರಗಿನ ಸಾಲಿನಲ್ಲಿ, ಯಾರೂ ಓಡಿಸದ ಹಸಿ ಮಣ್ಣಿನ ಮೇಲೆ, ವೇಗ ಇಳಿಸದೆ ತಿರುಗಿದರು. ನಡುಗುವ ಕೈಗೆ ಆ ಸಾಲು ಆಗದು, ಒಂದು ಬೆರಳು ಅತ್ತ ಹೋದರೂ ಟ್ರ್ಯಾಕಿನ ಅಂಚಿನ ಪೈಪಿಗೆ ಡಿಕ್ಕಿ. ಗಾಡಿ ಪೈಪಿನ ಪಕ್ಕದಲ್ಲೇ ಗೆರೆ ಎಳೆದ ಹಾಗೆ ಹಾದು, ಒಂದು ಚಕ್ರದಷ್ಟು ಮುಂದಾಗಿ ಮುಕ್ತಾಯದ ಗೆರೆ ದಾಟಿತು.

ನಾನು ಕಿರುಚಲಿಲ್ಲ. ಕೆಳಗಿನಿಂದ ಕಿರುಚಿದವನು ನನ್ನ ಗಂಡ.

ಬಿ ಫೈನಲ್ ಓಡಿಸಿದವರು ದೊಡ್ಡ ಫೈನಲ್ಲಿಗೆ ಮಾರ್ಷಲ್ ಆಗಿ ನಿಲ್ಲಬೇಕು, ಬಿದ್ದ ಗಾಡಿಗಳನ್ನು ಎತ್ತಿಕೊಡಲು. ಅದು ಎಲ್ಲರ ಪಾಲಿಗೂ ಬರುವ ಕೆಲಸ. ಗೆದ್ದು ಮೇಲೆ ಹೋದವರ ಬದಲಿಗೆ ಅವರ ಮೆಕ್ಯಾನಿಕ್ ನಿಲ್ಲಬೇಕು. ಹಾಗಾಗಿ ಬ್ಯಾಟರಿ ಬದಲಿಸಿಕೊಟ್ಟು, ಕೇಸರಿ ಬಣ್ಣದ ಜಾಕೆಟ್ಟು ಹಾಕಿಕೊಂಡು ನಾನೇ ಜೋಡಿ ದಿಬ್ಬದ ಹತ್ತಿರ ನಿಂತೆ. ಫೈನಲ್ ತಪ್ಪಿದರೆ ತಾವು ಮಾಡುತ್ತೇನೆ ಎಂದು ವರ್ಷದ ಮೊದಲಿಗೆ ಮಾವ ಹೇಳಿದ್ದ ಕೆಲಸ ಅದು. ಅಲ್ಲಿಂದ ಸ್ಟ್ಯಾಂಡಿನ ಮೇಲೆ ಸಾಲಾಗಿ ನಿಂತ ಹತ್ತು ಜನರಲ್ಲಿ ನನ್ನ ಮಾವ ಕೊನೆಯವರಾಗಿ ಕಾಣುತ್ತಿದ್ದರು, ನಾನೇ ತಯಾರಿಸಿದ ಹಳದಿ ಗಾಜಿನ ಕನ್ನಡಕ ಹಾಕಿಕೊಂಡು.

ಆ ಐದು ನಿಮಿಷದಲ್ಲಿ ನನ್ನ ಕಾಲ ಬುಡದಲ್ಲಿ ಆರು ಗಾಡಿ ಮಗುಚಿದವು, ಕೊರಿಯರನದೂ ಒಂದು. ಅವನದನ್ನು ಎಲ್ಲರದಕ್ಕಿಂತ ಬೇಗ ಎತ್ತಿ ನಿಲ್ಲಿಸಿದೆ, ಆಗ ಬೈದದ್ದಕ್ಕೆ ಪರಿಹಾರವಾಗಿ. ನಮ್ಮ ಗಾಡಿ ಪ್ರತಿ ಸುತ್ತಿನಲ್ಲೂ ನನ್ನ ತಲೆಯ ಎತ್ತರಕ್ಕೆ ಹಾರಿ ಬಂತು, ನಾಲ್ಕೂ ಚಕ್ರದ ಮೇಲೆ ಇಳಿಯಿತು, ಮಣ್ಣನ್ನು ನನ್ನ ಮುಖಕ್ಕೆ ಎರಚಿ ಹೋಯಿತು. ಒಂದು ಸಲವೂ ನನ್ನ ಸಹಾಯ ಬೇಡಲಿಲ್ಲ. ಹತ್ತನೆಯವರಾಗಿ ಹೊರಟವರು ಆರನೆಯವರಾಗಿ ಮುಗಿಸಿದರು. ಗೆದ್ದವರು ಬೇರೆ ಯಾರೋ. ಯಾರು ಎಂದು ನನಗೆ ನೆನಪಿಲ್ಲ.

ಸಂಜೆ ಮನೆಗೆ ಬಂದು ಗಾಡಿಯ ಮಣ್ಣು ಕೊಡವುತ್ತಿದ್ದಾಗ ಮಾವ ಪುಸ್ತಕವನ್ನು ನನ್ನ ಮುಂದೆ ತಳ್ಳಿದರು. ಫೈನಲ್ಲಿನದು ಬರಿ ಎಂದರು. ಪುಟ ಹುಡುಕುತ್ತ ಹಿಂದಕ್ಕೆ ಹೋದೆ. ಆರು ವಾರದ ಹಿಂದಿನ ಪುಟದಲ್ಲಿ, ನನ್ನ ಪೆನ್ನಿನ ಅಕ್ಷರಗಳ ಕೆಳಗೆ, ಅಂಚಿನಲ್ಲಿ, ಪೆನ್ಸಿಲಿನ ಒಂದು ಸಣ್ಣ ಸಾಲಿತ್ತು. ನಡುಗುವ ಅಕ್ಷರ. ಬರೆದ ಪುಟವನ್ನು ತಿರುಗಿ ನೋಡುವ ಅಭ್ಯಾಸ ನನಗಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು.

‘ಡೆಡ್‌ಬ್ಯಾಂಡ್ 4. ಸೊಸೆ ಹಾಕಿದ್ದು. ಕೇಳಬಾರದು, ತಾನೇ ಹೇಳುತ್ತಾಳೆ.’

ಎರಡು ವಾರದ ನಂತರದ ಪುಟದಲ್ಲಿ: ‘6. ಸೊಸೆ. ಬಿಗಿ ಸ್ಪ್ರಿಂಗ್ ಸುತ್ತಿ ಇಟ್ಟಿದ್ದೇನೆ.’

ಅದರ ಮುಂದೆ: ‘8. ಇನ್ನೂ ಹೇಳಿಲ್ಲ. ಪಾಪ, ನನಗಿಂತ ಹೆಚ್ಚು ಹೆದರಿದ್ದಾಳೆ.’

ಈ ಸಲ ಅಳು ತಡೆಯಲಿಲ್ಲ, ಅವರಿಗೆ ಆಗದಿದ್ದರೆ ಆಗದೇ ಹೋಗಲಿ. “ಗೊತ್ತಿದ್ದೂ ಸುಮ್ನಿದ್ರಲ್ಲ ಮಾವ. ನಾನು ಇವತ್ತು ಹೇಳದೇ ಇದ್ದಿದ್ರೆ?”

ಮಾವ ಗಾಡಿಯ ಚಕ್ರವನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಿದ್ದರು. “ಹೇಳದೇ ಇದ್ದಿದ್ರೆ ರಿಮೋಟ್ ನಿನಗೆ ಕೊಡ್ತಿದ್ದೆ. ಕೈ ನಡುಗಿದ್ರೆ ಓಡಿಸಬಹುದಮ್ಮ. ನನ್ನ ಮೆಕ್ಯಾನಿಕ್ಕೇ ನನಗೆ ಸುಳ್ಳು ಹೇಳೋ ಹಾಗಾದ್ರೆ ಸ್ಟ್ಯಾಂಡ್ ಮೇಲೆ ನಿಂತು ಏನು ಮಾಡಲಿ?”

ಮೂಗು ಒರೆಸಿಕೊಂಡು ಪೆನ್ನು ಹಿಡಿದೆ. ಮಣ್ಣು ಒಣ, ಹೊರಗಿನ ಸಾಲು ಹಸಿ. ಡೆಡ್‌ಬ್ಯಾಂಡ್ 0. ರಿಮೋಟಿನ ಸ್ಪ್ರಿಂಗ್ ಮಾವ ಸುತ್ತಿದ್ದು, ಸೊಸೆ ಹಾಕಿದ್ದು. ಆರನೆಯ ಜಾಗ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಮುಂದಿನ ವರ್ಷವೂ ಓಡಿಸುವವರು ಮಾವ. ಪುಸ್ತಕವನ್ನು ಅವರ ಕಡೆ ತಿರುಗಿಸಿದೆ.

ಅವರು ಕನ್ನಡಕ ಏರಿಸಿ, ಬೆರಳಿಟ್ಟು, ಒಂದೊಂದೇ ಪದ ಓದಿದರು. ಕೊನೆಯ ಸಾಲಿನ ಮೇಲೆ ಬೆರಳು ಸ್ವಲ್ಪ ಹೆಚ್ಚು ಹೊತ್ತು ನಿಂತಿತು, ನಡುಗುತ್ತಲೇ. ಆಮೇಲೆ ಪೆನ್ಸಿಲ್ ತೆಗೆದುಕೊಂಡರು. 

“ತಾರೀಖು ಹಾಕಿಲ್ಲ” ಎಂದರು. ಪುಟದ ಮೇಲ್ಗಡೆ ತಾವೇ ತಾರೀಖು ಬರೆದರು.